ಲಂಡನ್ನಿನ ಬೆಕ್ಕುಗಳ ಬೆನ್ನು ಹಿಡಿದು

ಲಂಡನ್ನಿನ ಅತ್ಯಂತ ಹಳೆಯ ಭಾಗವಾದ 'ಸಿಟಿ'ಯ ಓಣಿಗಳಲ್ಲಿ ನಾನು ವಾರಾಂತ್ಯಗಳಲ್ಲಿ ಕನ್ನಡದ ಕುಟುಂಬಗಳನ್ನು ನಡಿಗೆಗೆ ಕರೆದೊಯ್ಯುತ್ತೇನೆ. ಊರಿನಿಂದ ಬಂದ ಅಜ್ಜ ಅಜ್ಜಿಯರೂ ಇಲ್ಲೇ ಹುಟ್ಟಿದ ಮೊಮ್ಮಕ್ಕಳೂ ಜೊತೆಗಿರುತ್ತಾರೆ. ಅರಸರ ವಂಶಾವಳಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ; ಭೂತದ ಕಥೆ ಹೇಳಿದರೆ ಹಿರಿಯರು ಗಡಿಯಾರ ನೋಡಿಕೊಳ್ಳುತ್ತಾರೆ. ಬೆಕ್ಕಿನ ಮಾತೆತ್ತಿದರೆ ಮಾತ್ರ ಎಲ್ಲರೂ ನಿಂತು ಕೇಳುತ್ತಾರೆ. ಹೀಗೆ ಹುಟ್ಟಿಕೊಂಡಿದ್ದು ಬೆಕ್ಕುಗಳ ನಡಿಗೆ.

ಈ ಊರಿನಲ್ಲಿ ಬೆಕ್ಕಿನ ಕಥೆಗಳಿಗೆ ಬರವಿಲ್ಲ. ಹದಿಮೂರು ಜನ ಊಟಕ್ಕೆ ಕೂತರೆ ಹದಿನಾಲ್ಕನೆಯ ಅತಿಥಿಯಾಗಿ ಮೇಜಿಗೆ ಬರುವ ಸ್ಯಾವಾಯ್ ಹೋಟೆಲಿನ ಮರದ ಬೆಕ್ಕು ಕ್ಯಾಸ್ಪರ್ ಇದೆ, 2011ರಿಂದ ಪ್ರಧಾನಿಯ ಮನೆಯಲ್ಲಿರುವ ಲ್ಯಾರಿ ಇದೆ. ಎರಡನ್ನೂ ಕೈಬಿಟ್ಟೆ. ನಾನು ಹುಡುಕುತ್ತಿದ್ದುದು ಬೆಕ್ಕಿನ ನೆಪದಲ್ಲಿ ಆ ಕಾಲದ ಸಾಮಾನ್ಯ ಮನುಷ್ಯರು ಕಣ್ಣಿಗೆ ಬೀಳುವ ಜಾಗಗಳನ್ನು: ಮನೆಗೆಲಸದವನು, ಗುಮಾಸ್ತ, ಚರ್ಚಿನ ಪಾದ್ರಿ. ಕಡತವೋ ಕಟ್ಟಡವೋ ಕಣ್ಣಾರೆ ಕಂಡವರ ಬರಹವೋ ಇದ್ದ ಕಡೆ ಮಾತ್ರ ನಿಲ್ಲುವುದು, ದಂತಕಥೆಯನ್ನು ದಂತಕಥೆಯೆಂದೇ ಹೇಳುವುದು ಎಂದು ನಿರ್ಧರಿಸಿಕೊಂಡೆ. ನಾಲ್ಕು ನಿಲುಗಡೆಗಳು ಉಳಿದವು.

ಮೊದಲನೆಯದು ಫ್ಲೀಟ್ ಸ್ಟ್ರೀಟಿನ ಹಿಂದಿನ ಗಾಫ್ ಸ್ಕ್ವೇರ್. ಮುಖ್ಯರಸ್ತೆಯ ಬಸ್ಸುಗಳ ಸದ್ದು ಅಲ್ಲಿಗೆ ಬರುವುದಿಲ್ಲ, ಗಂಟಲು ಹರಿದುಕೊಳ್ಳಬೇಕಾಗಿಲ್ಲ. 1755ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ನಿಘಂಟನ್ನು ಸ್ಯಾಮ್ಯುಯೆಲ್ ಜಾನ್ಸನ್ ಸಿದ್ಧಪಡಿಸಿದ ಮನೆ ಅಲ್ಲಿದೆ. ಮನೆಗೆ ಎದುರಾಗಿ ಅವರ ಬೆಕ್ಕು ಹಾಜ್‌ನ ಕಂಚಿನ ಪ್ರತಿಮೆ. ಶಿಲ್ಪಿ ಜಾನ್ ಬಿಕ್ಲಿ 1997ರಲ್ಲಿ ಮಾಡಿದ್ದು. ಬೆಕ್ಕು ನಿಘಂಟಿನ ಮೇಲೆ ಕೂತಿದೆ, ಪಕ್ಕದಲ್ಲಿ ಖಾಲಿ ಸಿಂಪಿಗಳು. ಬಂದವರು ಸಿಂಪಿಯೊಳಗೆ ನಾಣ್ಯ ಇಟ್ಟು ಹೋಗುತ್ತಾರೆ.

ಇಲ್ಲಿ ನಾನು ಚೀಲದಿಂದ ನಿಜವಾದ ಸಿಂಪಿಯೊಂದನ್ನು ತೆಗೆದು ಕೈಯಿಂದ ಕೈಗೆ ದಾಟಿಸುತ್ತೇನೆ. ಹೊರಗೆ ಒರಟು, ಒಳಗೆ ನುಣುಪು. ಮಕ್ಕಳು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಾರೆ. ಕಾರವಾರದ ಕಡೆಯವರು ಇದ್ದರೆ ರುಚಿಯ ಮಾತೂ ಬರುತ್ತದೆ. ಅಂದಿನ ಲಂಡನ್ನಿನಲ್ಲಿ ಸಿಂಪಿ ಬಡವರ ಅಗ್ಗದ ಆಹಾರ. ಹಾಜ್‌ಗಾಗಿ ಅದನ್ನು ತರಲು ಜಾನ್ಸನ್ ತಾವೇ ಹೊರಗೆ ಹೋಗುತ್ತಿದ್ದರು. ಯಾಕೆ? ಆಳುಗಳಿಗೆ ಆ ಕೆಲಸ ಹೇಳಿದರೆ ಅವರು ಬೆಕ್ಕನ್ನು ದ್ವೇಷಿಸಿಯಾರು ಎಂಬ ಭಯಕ್ಕೆ ಎಂದು ಜಾನ್ಸನ್ನರ ಜೀವನಚರಿತ್ರೆ ಬರೆದ ಬಾಸ್ವೆಲ್ ಹೇಳಿದ್ದಾನೆ. ಜಾನ್ಸನ್ನರ ಗೆಳತಿ ಹೆಸ್ಟರ್ ತ್ರೇಲ್ ಬೇರೆ ಕಾರಣ ಕೊಡುತ್ತಾಳೆ: ನಾಲ್ಕು ಕಾಲಿನ ಪ್ರಾಣಿಯ ಸೇವೆಗೆ ತನ್ನನ್ನು ಹಚ್ಚಿದರಲ್ಲ ಎಂದು ಮನೆಯಾಳು ಫ್ರಾನ್ಸಿಸ್‌ನ ಮನಸ್ಸಿಗೆ ನೋವಾಗಬಾರದು ಎಂದು.

ಈ ಫ್ರಾನ್ಸಿಸ್ ಬಾರ್ಬರ್‌ಗಾಗಿಯೇ ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು. ಜಮೈಕಾದ ಕಬ್ಬಿನ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನು, ಬಾಲಕನಾಗಿ ಇಂಗ್ಲೆಂಡಿಗೆ ಬಂದು 1752ರಲ್ಲಿ ಜಾನ್ಸನ್ನರ ಮನೆ ಸೇರಿದವನು. ಜಾನ್ಸನ್ 1784ರಲ್ಲಿ ತೀರಿಕೊಂಡಾಗ ಆಸ್ತಿಯ ಮುಖ್ಯ ಪಾಲು ಅವನಿಗೇ ಹೋಯಿತು. ಬೆಕ್ಕಿನ ಊಟದ ಪ್ರಸಂಗ ಅವನ ಮಾನದ ಪ್ರಶ್ನೆಯೂ ಆಗಿತ್ತು ಎಂದಾಗ ಹಿರಿಯರ ಮುಖ ಗಂಭೀರವಾಗುತ್ತದೆ. ತಮ್ಮ ಮನೆಗಳಲ್ಲಿ ದುಡಿದವರ ನೆನಪು ಕೆಲವರಿಗಾದರೂ ಬರುತ್ತದೆ ಎಂದು ಬಲ್ಲೆ; ಅದಕ್ಕಾಗಿ ಒಂದು ನಿಮಿಷ ಮಾತು ನಿಲ್ಲಿಸುತ್ತೇನೆ.

ಇನ್ನೊಂದು ಸಂಗತಿಯನ್ನೂ ಅಲ್ಲಿ ಮುಚ್ಚಿಡುವುದಿಲ್ಲ. ಜಾನ್ಸನ್ ಗಾಫ್ ಸ್ಕ್ವೇರಿನ ಮನೆ ಬಿಟ್ಟಿದ್ದು 1759ರಲ್ಲಿ. ಬಾಸ್ವೆಲ್ ಅವರನ್ನು ಮೊದಲು ಕಂಡಿದ್ದು 1763ರಲ್ಲಿ. ಹಾಗಾದರೆ ಜಾನ್ಸನ್ನರ ಎದೆಯ ಮೇಲೆ ಹತ್ತುತ್ತಿದ್ದ ಹಾಜ್‌ನನ್ನು ಬಾಸ್ವೆಲ್ ನೋಡಿದ್ದು ಈ ಮನೆಯಲ್ಲಿ ಅಲ್ಲ. ಪ್ರತಿಮೆಯ ಮುಂದೆಯೇ ನಿಂತು ಇದನ್ನು ಹೇಳಿದರೆ ಜನರಿಗೆ ನಿರಾಸೆಯಾಗುವುದಿಲ್ಲ. ಮುಂದಿನ ನಿಲುಗಡೆಗಳಲ್ಲಿ ನನಗಿಂತ ಮೊದಲು ಅವರೇ ಇಸವಿಗಳನ್ನು ತಾಳೆ ನೋಡತೊಡಗುತ್ತಾರೆ.

ಅಲ್ಲಿಂದ ಪೂರ್ವಕ್ಕೆ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಡೆಗೆ ನಡೆಯುತ್ತೇವೆ. ದಾರಿಯಲ್ಲಿ ಶಕುನದ ಮಾತು ಬಂದೇ ಬರುತ್ತದೆ. "ಬೆಕ್ಕು ಅಡ್ಡ ಬಂದರೆ ನಾವು ಮನೆಗೆ ಹಿಂದಿರುಗಿ ನೀರು ಕುಡಿದು ಹೊರಡುತ್ತಿದ್ದೆವು ಕಣಮ್ಮ" ಎಂದು ಒಬ್ಬ ಅಜ್ಜಿ ಹೇಳಿದರು. ಬ್ರಿಟನ್ನಿನಲ್ಲಿ ಕಪ್ಪು ಬೆಕ್ಕು ಎದುರಾದರೆ ಶುಭವೆಂದು ನಂಬುವವರೇ ಹೆಚ್ಚು ಎಂದು ಕೇಳಿ ಅವರಿಗೆ ಭಾರಿ ಸಂತೋಷವಾಯಿತು.

ಅಂಚೆ ಇಲಾಖೆಯ ಕೇಂದ್ರ ಕಚೇರಿ ಇದ್ದ ಸೇಂಟ್ ಮಾರ್ಟಿನ್ಸ್ ಲೆ ಗ್ರಾಂಡ್ ಎರಡನೆಯ ನಿಲುಗಡೆ. 1868ರಲ್ಲಿ ಮನಿ ಆರ್ಡರ್ ಕಚೇರಿಯ ಕಾಗದಪತ್ರಗಳನ್ನು ಇಲಿಗಳು ಕಡಿಯತೊಡಗಿದವು. ಮೂರು ಬೆಕ್ಕುಗಳನ್ನು ಸಾಕಲು ವಾರಕ್ಕೆ ಎರಡು ಶಿಲಿಂಗ್ ಬೇಕೆಂದು ಅಧಿಕಾರಿ ಬರೆದ. ಮೇಲಿನಿಂದ ಮಂಜೂರಾಗಿದ್ದು ಒಂದೇ ಶಿಲಿಂಗ್. ಆರು ತಿಂಗಳೊಳಗೆ ಇಲಿಗಳ ಕಾಟ ಇಳಿಯದಿದ್ದರೆ ಭತ್ಯೆಯಲ್ಲಿ ಇನ್ನಷ್ಟು ಕಡಿತ ಎಂಬ ಷರತ್ತು ಬೇರೆ. ಈ ಪತ್ರ ವ್ಯವಹಾರದ ಸಾರವನ್ನು ನಾನು ನಮ್ಮ ಕಚೇರಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರಿಗೆ ಓದಲು ಕೊಡುತ್ತೇನೆ. ಅವರಷ್ಟು ಚೆನ್ನಾಗಿ ನನಗೆ ಓದಲು ಬರುವುದಿಲ್ಲ. ಆ ಧಾಟಿ ಅವರಿಗೆ ಕರಗತ. ಮುಂದೆ ಇದೇ ಕೇಂದ್ರ ಕಚೇರಿಯಲ್ಲಿ ಟಿಬ್ಸ್ ಎಂಬ ಬೆಕ್ಕಿತ್ತು, ತೂಕ 23 ಪೌಂಡ್, ಅಂದರೆ ಹತ್ತು ಕಿಲೋಗೂ ಹೆಚ್ಚು. 1964ರಲ್ಲಿ ಅದು ಸತ್ತಾಗ ಇಲಾಖೆಯ ಪತ್ರಿಕೆ ಶ್ರದ್ಧಾಂಜಲಿ ಪ್ರಕಟಿಸಿತು.

ಸೇಂಟ್ ಪಾಲ್ಸ್ ಹಿಂಬದಿಯಲ್ಲಿ ಒಂಟಿಯಾಗಿ ನಿಂತಿರುವ ಗೋಪುರ ಸೇಂಟ್ ಅಗಸ್ಟೀನ್ ಚರ್ಚಿನದು. ಚರ್ಚು ಎರಡನೇ ಮಹಾಯುದ್ಧದ ಬಾಂಬ್ ದಾಳಿಗೆ ಬಲಿಯಾಯಿತು. ಗೋಪುರ ಈಗ ಕ್ಯಾಥೆಡ್ರಲ್ ಶಾಲೆಯ ಭಾಗ. ಅಲ್ಲಿದ್ದ ಫೇತ್ ಎಂಬ ಬೆಕ್ಕು ದಾಳಿಗೆ ಕೆಲವು ದಿನ ಮೊದಲು ತನ್ನ ಮರಿಯನ್ನು ಕಚ್ಚಿಕೊಂಡು ನೆಲಮಾಳಿಗೆಗೆ ಇಳಿಯಿತು. ಮರಿಯನ್ನು ಮತ್ತೆ ಮತ್ತೆ ಮೇಲೆ ತಂದರೂ ಬೆಕ್ಕು ಹಟ ಬಿಡಲಿಲ್ಲ. ದಾಳಿಯ ಮರುದಿನ ಪಾದ್ರಿ ಹೊಗೆಯಾಡುವ ಅವಶೇಷಗಳ ನಡುವೆ ಹುಡುಕಿದಾಗ ತಾಯಿ ಮರಿ ಎರಡೂ ಜೀವಂತ. ಪ್ರಾಣಿಗಳ ಆರೈಕೆಗೆ ಸಂಸ್ಥೆ ಕಟ್ಟಿದ ಮರಿಯಾ ಡಿಕಿನ್ ಅದಕ್ಕೊಂದು ಬೆಳ್ಳಿಯ ಪದಕ ಮಾಡಿಸಿಕೊಟ್ಟರು. ಬೆಕ್ಕಿಗೆ ಮುಂದಾಗುವುದು ಮೊದಲೇ ಗೊತ್ತಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ಮರಿಯ ಜಾಗ ಬದಲಿಸುವುದು ಎಲ್ಲ ಬೆಕ್ಕುಗಳ ಸ್ವಭಾವ ಎಂದಷ್ಟೇ ಹೇಳುತ್ತೇನೆ. ನನಗೆ ಮುಖ್ಯವೆನಿಸುವುದು, ಅವಶೇಷಗಳು ಯಾವ ಕ್ಷಣ ಕುಸಿಯಬಹುದೋ ತಿಳಿಯದೆ ಒಳಗೆ ಇಳಿದ ಆ ಪಾದ್ರಿ.

ಕೊನೆಗೆ ಕಾಲೇಜ್ ಹಿಲ್. ಅನಾಥ ಹುಡುಗ ವಿಟಿಂಗ್ಟನ್ ತನ್ನ ಬೆಕ್ಕನ್ನು ಹಡಗಿನಲ್ಲಿ ಕಳುಹಿಸಿ, ಇಲಿಗಳ ಕಾಟವಿದ್ದ ದೊರೆಯಿಂದ ಹೊನ್ನು ಪಡೆದು ಮೇಯರ್ ಆದ ಕಥೆ ಇಲ್ಲಿಯ ಪ್ರತಿ ಮಗುವಿಗೂ ಗೊತ್ತು. ನಿಜವಾದ ರಿಚರ್ಡ್ ವಿಟಿಂಗ್ಟನ್ ಅನಾಥ ಬಡವನಲ್ಲ. ಗ್ಲಾಸ್ಟರ್‌ಶೈರಿನ ಜಮೀನುದಾರ ಮನೆತನದವನು, ಬಟ್ಟೆ ವ್ಯಾಪಾರಿ, ರಾಜರಿಗೆ ಸಾಲ ಕೊಟ್ಟವನು, ನಾಲ್ಕು ಬಾರಿ ಮೇಯರ್. ಸತ್ತಿದ್ದು 1423ರಲ್ಲಿ. ಬೆಕ್ಕು ಅವನ ಕಥೆಯೊಳಗೆ ಕಾಣಿಸಿಕೊಳ್ಳುವುದು 1600ರ ನಂತರ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣದೇವರಾಯ ನಿಜ, ಬಿಸಿಹಾಲು ಕಂಡು ಓಡಿದ ತೆನಾಲಿ ರಾಮನ ಬೆಕ್ಕು ಆಮೇಲಿನ ಕಥೆ, ಇದೂ ಹಾಗೆಯೇ.

ಇಲ್ಲಿ ನಾನು ಒಂದೇ ಚಿತ್ರದ ಎರಡು ಪ್ರತಿಗಳನ್ನು ತೋರಿಸುತ್ತೇನೆ. ರೆನಾಲ್ಡ್ ಎಲ್‌ಸ್ಟ್ರಾಕ್ ತಾಮ್ರದ ತಗಡಿನಲ್ಲಿ ಕೊರೆದ ವಿಟಿಂಗ್ಟನ್ ಚಿತ್ರವದು. ಮೊದಲಿನದರಲ್ಲಿ ಅವನ ಕೈ ತಲೆಬುರುಡೆಯ ಮೇಲಿದೆ. ಜನ ಕೇಳಿದ್ದು ಬೆಕ್ಕನ್ನು; ಬುರುಡೆಯನ್ನು ಅಳಿಸಿ ಅದೇ ಜಾಗದಲ್ಲಿ ಬೆಕ್ಕನ್ನು ಕೊರೆದರು. ಎರಡನೆಯದರಲ್ಲಿ ಆ ಕೈ ಬೆಕ್ಕಿನ ಬೆನ್ನಿನ ಮೇಲಿದೆ. ಮಕ್ಕಳು ಎರಡೂ ಹಾಳೆಗಳನ್ನು ಅಕ್ಕಪಕ್ಕ ಹಿಡಿದು ಬೆರಳುಗಳನ್ನು ಹೋಲಿಸುತ್ತಾರೆ.

ಪಕ್ಕದ ಸೇಂಟ್ ಮೈಕಲ್ ಚರ್ಚಿನಲ್ಲಿ 1949ರಲ್ಲಿ ವಿಟಿಂಗ್ಟನ್ ಸಮಾಧಿಯನ್ನು ಹುಡುಕುವಾಗ ಒಣಗಿ ಹೋದ ಬೆಕ್ಕಿನ ದೇಹ ಸಿಕ್ಕಿತು. ಸಮಾಧಿ ಸಿಗಲಿಲ್ಲ. ಆದರೆ ಈ ಚರ್ಚು ಲಂಡನ್ನನ್ನು ಸುಟ್ಟ 1666ರ ಮಹಾ ಬೆಂಕಿಯ ನಂತರ ಮತ್ತೆ ಕಟ್ಟಿದ್ದು, ಆದ್ದರಿಂದ ಆ ಬೆಕ್ಕು ವಿಟಿಂಗ್ಟನ್ನನದಾಗಿರುವುದು ಕಷ್ಟ. ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಹುಡುಗ ವಿಟಿಂಗ್ಟನ್ ಬೆಕ್ಕಿನೊಂದಿಗೆ ನಿಂತಿದ್ದಾನೆ. ವಾರಾಂತ್ಯದಲ್ಲಿ ಸಿಟಿಯ ಚರ್ಚುಗಳಿಗೆ ಸಾಮಾನ್ಯವಾಗಿ ಬೀಗವಿರುತ್ತದೆ, ಹೀಗಾಗಿ ಕಿಟಕಿ ನೋಡಬೇಕೆನ್ನುವವರಿಗೆ ವಾರದ ದಿನ ಬರಲು ಹೇಳುತ್ತೇನೆ. ವಿಟಿಂಗ್ಟನ್ ಬಿಟ್ಟುಹೋದ ಹಣದಿಂದ ಥೇಮ್ಸ್ ದಡದಲ್ಲಿ 128 ಜನ ಕೂರಬಹುದಾದ ಸಾರ್ವಜನಿಕ ಶೌಚಾಲಯವೂ ಕಟ್ಟಲ್ಪಟ್ಟಿತ್ತು, ಅರ್ಧ ಗಂಡಸರಿಗೆ, ಅರ್ಧ ಹೆಂಗಸರಿಗೆ. ನದಿಯ ಉಬ್ಬರವೇ ಅದನ್ನು ತೊಳೆಯುತ್ತಿತ್ತು. ಬೆಕ್ಕಿಗಿಂತ ಇದೇ ಅವನ ದೊಡ್ಡ ಉಪಕಾರ ಎನ್ನುವುದು ನನ್ನ ಅಭಿಪ್ರಾಯ.

ಲಂಡನ್ ಟವರ್‌ವರೆಗೂ ಹೋಗೋಣ ಎನ್ನುವವರಿರುತ್ತಾರೆ. ಅಲ್ಲಿ ಸೆರೆಯಲ್ಲಿದ್ದ ಸೌತಾಂಪ್ಟನ್ ಅರ್ಲ್‌ನ ಪಕ್ಕದಲ್ಲಿ ಕಪ್ಪು ಬಿಳುಪಿನ ಬೆಕ್ಕು ಕೂತಿರುವ 1603ರ ಚಿತ್ರ ಉಂಟು; ಅದು ಚಿಮಣಿಯಲ್ಲಿ ಇಳಿದು ಒಡೆಯನನ್ನು ಸೇರಿತು ಎನ್ನುವುದು ಎಷ್ಟೋ ಕಾಲದ ನಂತರದ ಕಥೆ. ದಣಿದ ಕಾಲುಗಳಿಗೆ ಅದು ದೂರವಾಗುತ್ತದೆ. ಟವರ್‌ಗೆ ಪ್ರತ್ಯೇಕ ನಡಿಗೆ ಸಿದ್ಧಪಡಿಸುತ್ತಿದ್ದೇನೆ.