ಕಿವಿಗೂ ಕನ್ನಡಿಗೂ ಒಪ್ಪಿದ ಹೆಡ್‌ಫೋನ್

ಮಗಳಿಗೆ ಹೆಡ್‌ಫೋನ್ ಹುಡುಕುವ ಕೆಲಸವನ್ನು ನಾನು ಅಂದದಿಂದಲೇ ಶುರುಮಾಡಿದೆ. ಹವ್ಯಾಸಕ್ಕೆಂದು ರೆಕಾರ್ಡಿಂಗ್, ಎಡಿಟಿಂಗ್ ಮಾಡಿಕೊಂಡು ಬಂದವನು ನಾನು. ಹೆಡ್‌ಫೋನ್ ಅಂದರೆ ಮೊದಲು ನಾದ, ಉಳಿದದ್ದೆಲ್ಲ ಆಮೇಲೆ ಅನ್ನುವ ಬಳಗದವನು. ಆದರೆ 15ರ ಹುಡುಗಿ ತಲೆಯ ಮೇಲೆ ಹಾಕಿಕೊಂಡು ನಾಲ್ಕು ಜನರ ನಡುವೆ ಓಡಾಡುವ ವಸ್ತು ಅವಳಿಗೇ ಹಿಡಿಸದಿದ್ದರೆ ಅದು ಡ್ರಾಯರ್ ಸೇರುತ್ತದೆ, ಕೊಟ್ಟ ದುಡ್ಡು ದಂಡ. ಅವಳು ಸುತ್ತಿಬಳಸದೆ ಹೇಳಿಬಿಟ್ಟಳು: "ಅಪ್ಪಾ, ನಿನ್ನ ಹೆಡ್‌ಫೋನಲ್ಲಿ ಹಾಡು ಚೆನ್ನಾಗಿ ಕೇಳ್ಸತ್ತೆ. ಆದ್ರೆ ಅದನ್ನ ಹಾಕ್ಕೊಂಡು ನಾನು ಬಸ್ ಹತ್ತಲ್ಲ." ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಖರ್ಚಿನ ಮಿತಿ ನಮ್ಮದು, ನೋಟ ಅವಳದು, ಕಿವಿಗೆ ಸಂಬಂಧಪಟ್ಟದ್ದು ಇಬ್ಬರದೂ ಅಂತ ಒಪ್ಪಂದವಾಯಿತು.

ಅವಳ ಮನಸ್ಸಿನಲ್ಲಿರುವ ಅಂದ ಎಂಥದ್ದು ಅಂತ ತಿಳಿಯಲು, ಇಷ್ಟವಾದ ಮಾಡೆಲ್‌ಗಳ ಚಿತ್ರಗಳನ್ನೆಲ್ಲ ಒಂದು ಕಡೆ ಕೂಡಿಡು ಅಂದೆ. ಬಣ್ಣದ್ದೇ ದೊಡ್ಡ ವಿಷಯವಿರಬಹುದು ಅಂದುಕೊಂಡಿದ್ದೆ. ಅವಳು ನೋಡುತ್ತಿದ್ದದ್ದು ಬೇರೆ. ಹೆಡ್‌ಫೋನ್ ಹಾಕಿಕೊಂಡಾಗ ಮೇಲಿನ ಪಟ್ಟಿಗೂ ತಲೆಗೂ ನಡುವೆ, ಕಿವಿಗಿಂತ ಸ್ವಲ್ಪ ಮೇಲೆ, ಎರಡೂ ಬದಿ ಒಂದು ಸಂದು ಉಳಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಅದು ಬೆರಳು ತೂರುವಷ್ಟು, ಇನ್ನು ಕೆಲವದರಲ್ಲಿ ಮುಷ್ಟಿ ತೂರುವಷ್ಟು. ಸಂದು ದೊಡ್ಡದಾದಷ್ಟೂ ತಲೆ ಅಗಲವಾಗಿ ಕಾಣುತ್ತದೆ. ಕಿವಿಯನ್ನು ಮುಚ್ಚುವ ಕಪ್‌ನ ದಪ್ಪ ಇನ್ನೊಂದು: ಮುಂದಿನಿಂದ ನೋಡಿದಾಗ ಕಿವಿಯಿಂದ ಎಷ್ಟು ಹೊರಗೆ ಚಾಚಿಕೊಂಡಿದೆ ಅನ್ನುವುದು. ಕಂಪನಿಯವರು ಹಾಕುವ ಚಿತ್ರಗಳು ಬಹುಪಾಲು ಪಕ್ಕದಿಂದ ತೆಗೆದವು. ಇವೆರಡೂ ಅಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಬೇರೆಯವರು ಹಾಕಿಕೊಂಡು ಎದುರಿನಿಂದ ತೆಗೆದ ವಿಡಿಯೋ ಹುಡುಕಿ ನೋಡಿದೆವು. ಪಟ್ಟಿ ತಲೆಗೆ ಅಂಟಿದಂತಿರಬೇಕು, ಹೊಳಪಿಲ್ಲದ ಬಣ್ಣವಾಗಬೇಕು, ದೊಡ್ಡಕ್ಷರದ ಲೋಗೋ ಬೇಡ. ಇಷ್ಟು ಗೊತ್ತಾದ ಮೇಲೆ ನೋಡಬೇಕಾದ ಮಾಡೆಲ್‌ಗಳ ಯಾದಿ ತಾನಾಗಿಯೇ ಸಣ್ಣದಾಯಿತು.

ಮಿತಿಯೊಳಗಿನ ದುಡ್ಡಿಗೆ ಒಳ್ಳೆಯ ನಾದ ಸಿಕ್ಕೀತೇ ಅನ್ನುವ ಅಳುಕು ನನ್ನ ಹೆಂಡತಿಗಿತ್ತು. ಈ ವಿಷಯದಲ್ಲಿ ಧೈರ್ಯ ಕೊಡುವ ಅಧ್ಯಯನವೊಂದಿದೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಜೊತೆ ಇಟ್ಟು ನೋಡಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಅನ್ನುವುದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ದುಬಾರಿಯದ್ದರಲ್ಲಿ ಕಟ್ಟುಮಸ್ತು, ಹಗುರ, ಸೌಕರ್ಯ ಹೆಚ್ಚಿರಬಹುದು. ಸ್ವರಗಳ ಹದ ಮಾತ್ರ ಬೆಲೆ ಏರಿದ ಹಾಗೆ ಏರುವುದಿಲ್ಲ. ನಾನು ಕೆಲಸಕ್ಕೆ ಬಳಸಿದ ಹೆಡ್‌ಫೋನ್‌ಗಳಲ್ಲಿ ಕಂಡದ್ದೂ ಅದೇ.

ಪೆಟ್ಟಿಗೆಯ ಮೇಲೆ ಅಚ್ಚುಹಾಕಿದ ಅಂಕಿಗಳಲ್ಲಿ ಹೆಚ್ಚಿನವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತ ಎಲ್ಲರೂ ಬರೆಯುತ್ತಾರೆ. ಮನುಷ್ಯರ ಕಿವಿಯ ವ್ಯಾಪ್ತಿಯೇ ಅದು. ಅಷ್ಟರಲ್ಲಿ ಜೋರಿನ ಏರಿಳಿತ ಎಷ್ಟು ಡೆಸಿಬಲ್ ಅಂತ ಹೇಳದೆ ಬರೆದ ಆ ಸಾಲಿನಿಂದ ನಾದದ ಬಗ್ಗೆ ಏನೂ ತಿಳಿಯುವುದಿಲ್ಲ. 50 ಮಿಲಿಮೀಟರ್ ಡ್ರೈವರ್ (ಕಪ್‌ನ ಒಳಗಿನ ಪುಟ್ಟ ಸ್ಪೀಕರ್) 40ಕ್ಕಿಂತ ಮೇಲು ಅನ್ನುವುದೂ ಬರೀ ಮಾತು. ನಾನು ನೋಡಿದ್ದು ತೂಕ ಮತ್ತು ಇಂಪೀಡೆನ್ಸ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ. ವೈರಿನದ್ದಾದರೆ 16ರಿಂದ 32 ಓಮ್ ಇದ್ದರೆ ಫೋನು ಸಲೀಸಾಗಿ ನುಡಿಸುತ್ತದೆ. 250 ಓಮಿನ ಸ್ಟುಡಿಯೋ ಹೆಡ್‌ಫೋನನ್ನು ಫೋನಿಗೆ ಸಿಕ್ಕಿಸಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ದನಿ ಸಾಲದೆ ಹೋಗಬಹುದು. ತೂಕ 250 ಗ್ರಾಂ ದಾಟಬಾರದು ಅಂತ ನಾವೇ ಒಂದು ಗೆರೆ ಹಾಕಿಕೊಂಡೆವು.

ವೈರೋ ಬ್ಲೂಟೂತೋ ಅನ್ನುವಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. ಬ್ಲೂಟೂತ್ ಹೆಡ್‌ಫೋನಿನಲ್ಲಿ ನಾವು ಕೊಡುವ ದುಡ್ಡು ಬ್ಯಾಟರಿಗೆ, ಚಿಪ್‌ಗೆ, ಮೈಕುಗಳಿಗೆ ಹಂಚಿಹೋಗುತ್ತದೆ. ವೈರಿನದ್ದರಲ್ಲಿ ಡ್ರೈವರ್‌ಗೂ ಕಟ್ಟುವಿಕೆಗೂ ಹೆಚ್ಚು ಉಳಿಯುತ್ತದೆ. ಲಿಥಿಯಂ ಬ್ಯಾಟರಿಗೆ ಮುಪ್ಪು ತಪ್ಪಿದ್ದಲ್ಲ, ವೈರಿಗೆ ಆ ಚಿಂತೆ ಇಲ್ಲ. ಇದನ್ನೆಲ್ಲ ಕೇಳಿಸಿಕೊಂಡು ಅವಳು, "ನನ್ನ ಫೋನಲ್ಲಿ ವೈರ್ ಹಾಕೋ ತೂತೇ ಇಲ್ವಲ್ಲಪ್ಪಾ" ಅಂದಳು. ಟೈಪ್-ಸಿ ಅಡಾಪ್ಟರ್ ಸಿಗುತ್ತದೆ, ನಿಜ. ಆದರೆ ಬಸ್ಸಿನಲ್ಲಿ ನಿಂತು, ಬ್ಯಾಗು ಹೊತ್ತು, ಅಡಾಪ್ಟರ್ ಮತ್ತು ವೈರು ಸಂಭಾಳಿಸುವುದು ಅವಳ ದಿನಚರಿಗೆ ಹೊಂದುವುದಿಲ್ಲ. ಕೊನೆಗೆ ಬ್ಲೂಟೂತ್ ಇರಲಿ, ಆದರೆ ಬ್ಯಾಟರಿ ಸತ್ತಾಗಲೂ ವೈರು ಹಾಕಿ ಕೇಳುವಂತಿರಬೇಕು ಅಂತ ತೀರ್ಮಾನಿಸಿದೆವು. ಇದನ್ನು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಕೆಲವು ಮಾಡೆಲ್‌ಗಳು ವೈರು ಹಾಕಿದರೂ ಆನ್ ಮಾಡದೆ ನುಡಿಯುವುದಿಲ್ಲ.

ಕೋಡೆಕ್, ಅಂದರೆ ಬ್ಲೂಟೂತಿನಲ್ಲಿ ಕಳಿಸಲು ಹಾಡನ್ನು ಕುಗ್ಗಿಸುವ ವಿಧಾನದ ಬಗ್ಗೆ ಜನ ತುಂಬ ತಲೆಕೆಡಿಸಿಕೊಳ್ಳುತ್ತಾರೆ. ಎಸ್‌ಬಿಸಿ ಅನ್ನುವ ಕೋಡೆಕ್ ಎಲ್ಲದರಲ್ಲೂ ಇರುತ್ತದೆ, ಎಎಸಿಯೂ ಇದ್ದರೆ ಸಾಕು ಅಂತ ನಾನು ಬಿಟ್ಟೆ. ಅದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಅವಳಿಗೆ ಮೊದಲೇ ತೋರಿಸಿಕೊಟ್ಟೆ. ಬ್ಲೂಟೂತ್ ಹೆಡ್‌ಫೋನಿನ ಮೈಕು ಆನ್ ಆದ ಕೂಡಲೇ, ಆನ್‌ಲೈನ್ ಕ್ಲಾಸಿರಲಿ, ಆಟ ಆಡುತ್ತಾ ಗೆಳತಿಯರ ಜೊತೆ ಮಾತಿರಲಿ, ಸಂಪರ್ಕ ಸಾಮಾನ್ಯವಾಗಿ ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ. ಆಗ ಸ್ಟೀರಿಯೋ ಹೋಗಿ, ಹಳೆಯ ಫೋನ್ ಕರೆಯಂಥ ಮಂಕು ಧ್ವನಿ ಉಳಿಯುತ್ತದೆ. ಹೆಡ್‌ಫೋನ್ ಕೆಟ್ಟಿದೆ ಅಂತ ಎಷ್ಟೋ ಮಕ್ಕಳು ಅಂದುಕೊಳ್ಳುವುದು ಇದನ್ನೇ. ಮೈಕನ್ನು ಲ್ಯಾಪ್‌ಟಾಪಿನದ್ದಕ್ಕೆ ಬದಲಿಸಿದರೆ ಸಂಗೀತ ಮೊದಲಿನಂತಾಗುತ್ತದೆ.

ಇನ್ನು ಹಾಕಿ ನೋಡುವುದು. ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ, ಕಳೆಯಬೇಕಾದದ್ದೂ ಇಲ್ಲೇ. ಮಗಳಿಗೆ ಕನ್ನಡಕವಿದೆ. ಕಿವಿಯನ್ನು ಪೂರ್ತಿ ಸುತ್ತುವ ಮೆತ್ತೆಯ ಕೆಳಗೆ ಕನ್ನಡಕದ ಕಡ್ಡಿ ಹಾದುಹೋಗುತ್ತದೆ. ಕಡ್ಡಿ ದಪ್ಪವಿದ್ದು ಮೆತ್ತೆ ಗಟ್ಟಿಯಿದ್ದರೆ ಅಲ್ಲೊಂದು ಸಣ್ಣ ಸಂದಿ ಬಿಡುತ್ತದೆ. ಆ ಸಂದಿಯಿಂದ ಮೊದಲು ಸೋರುವುದು ಬೇಸ್, ಅಂದರೆ ಮಂದ್ರದ ಸದ್ದು. ಒಂದು ಹಾಡು ಹಾಕಿ, ಕಪ್‌ಗಳನ್ನು ಅಂಗೈಯಿಂದ ಮೆಲ್ಲನೆ ತಲೆಯ ಕಡೆಗೆ ಒತ್ತು ಅಂದೆ. ಒತ್ತಿದಾಗ ಬೇಸ್ ಧಡಕ್ಕನೆ ಹೆಚ್ಚಾದರೆ, ಬಿಟ್ಟಾಗ ತೆಳುವಾದರೆ, ಮೆತ್ತೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ನೋಡಲು ಅವಳಿಗೆ ಬಲು ಇಷ್ಟವಾಗಿದ್ದ ಒಂದು ಮಾಡೆಲ್ ಇದರಲ್ಲೇ ಬಿದ್ದುಹೋಯಿತು. ಕನ್ನಡಕ ತೆಗೆದರೆ ಅದ್ಭುತ, ಹಾಕಿದರೆ ಡ್ರಮ್ಮಿನ ಜೀವವೇ ಹೋಗಿರುತ್ತಿತ್ತು. ಬೇಸರವಾದರೂ ತಾನೇ ಕೇಳಿ ನೋಡಿದ್ದರಿಂದ ಅವಳೇ ಅದನ್ನು ಪಕ್ಕಕ್ಕಿಟ್ಟಳು. ಮೆತ್ತೆ ಮೃದುವಾದ ಮೆಮೊರಿ ಫೋಮಿನದ್ದಾದರೆ ಕಡ್ಡಿಯ ಸುತ್ತ ಬಾಗಿ ಕೂರುತ್ತದೆ. ಕಿವಿಯ ಮೇಲೆ ಬರೀ ಆನಿ ಕೂರುವ ಚಿಕ್ಕವು ನೋಡಲು ಮುದ್ದು, ಆದರೆ ಕನ್ನಡಕದ ಕಡ್ಡಿಗೆ ಕಿವಿಯನ್ನೇ ಅದುಮಿ ಅರ್ಧ ಗಂಟೆಯಲ್ಲಿ ನೋವು ತರಿಸುತ್ತವೆ. ಅವನ್ನು ಕೈಬಿಟ್ಟೆವು.

ಕಾಸ್ ಕಂಪನಿಯ ಪೋರ್ಟಾ ಪ್ರೊ ಕೂಡ ಅವಳ ಪಟ್ಟಿಯಲ್ಲಿತ್ತು. 1984ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿರುವ ಮಾಡೆಲ್ ಅದು. ತೆಳು ಲೋಹದ ಪಟ್ಟಿ, ನೋಡಿದರೆ ಗುರುತು ಹಿಡಿಯುವಂಥ ಹಳೆಯ ಕಾಲದ ಚೆಲುವು, ಹಗುರ, ನುಡಿಯುವುದೂ ಸೊಗಸು. ಹಿಂಬದಿ ತೆರೆದಿರುವ ವಿನ್ಯಾಸವಾದ್ದರಿಂದ ಬಸ್ಸಿನ ಸದ್ದೆಲ್ಲ ಒಳಗೆ, ಇವಳ ಹಾಡೆಲ್ಲ ಹೊರಗೆ. ಮನೆಯಲ್ಲೇ ಕೇಳುವ ಮಕ್ಕಳಿಗೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ಓಡಾಡುವವರಿಗೆ ಹಿಂಬದಿ ಮುಚ್ಚಿದ್ದೇ ಸರಿ. ಸದ್ದಡಗಿಸುವ ಎಎನ್‌ಸಿ ಇರಲೇಬೇಕು ಅಂತ ನಾವು ಹಟ ಹಿಡಿಯಲಿಲ್ಲ. ಅದು ಎಂಜಿನ್, ಫ್ಯಾನಿನಂಥ ಒಂದೇ ಸಮನೆಯ ಮಂದ್ರದ ಗುಂಯ್‌ಗುಟ್ಟುವಿಕೆಯನ್ನು ಚೆನ್ನಾಗಿ ತಗ್ಗಿಸುತ್ತದೆ, ಮಾತಿನ ಗಲಾಟೆಯನ್ನು ಅಷ್ಟಾಗಿ ಅಲ್ಲ. ಮೆತ್ತೆ ಸರಿಯಾಗಿ ಕೂತರೆ ಸಿಗುವ ನಿಶ್ಶಬ್ದವೇ ನಮಗೆ ಬೇಕಾದಷ್ಟಿತ್ತು.

ಕೇಳಿ ಹೋಲಿಸುವಾಗ ಒಂದೇ ಒಂದು ಶಿಸ್ತು ಪಾಲಿಸಿದೆವು: ಎರಡರ ಜೋರೂ ಒಂದೇ ಮಟ್ಟದಲ್ಲಿರಬೇಕು. ತುಸು ಜೋರಾಗಿ ನುಡಿಯುವುದು ಯಾವಾಗಲೂ ಉತ್ತಮವೆನಿಸುತ್ತದೆ. ದನಿ ತಗ್ಗಿದಾಗ ಬೇಸ್ ನಮ್ಮ ಕಿವಿಗೆ ಹೆಚ್ಚು ಕುಗ್ಗಿದಂತೆ ಕೇಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದ್ದರು. ಹಾಡು ಅವಳದ್ದೇ, ಬಾಯಿಪಾಠ ಬರುವಂಥವು. ಹಾಡುವವರ ದನಿ ನಡುವೆ ಎದುರಿಗೇ ನಿಂತಂತಿದೆಯಾ, ಸ-ಶ ಅಕ್ಷರಗಳು ಸೂಜಿಯ ಹಾಗೆ ಚುಚ್ಚುತ್ತವಾ, ಬೇಸ್ ಬಂದಾಗ ಪದಗಳು ಮುಳುಗಿಹೋಗುತ್ತವಾ ಅಂತ ಕೇಳುತ್ತಾ ಹೋದೆ. ಮೊದಲ ನಿಮಿಷದಲ್ಲಿ ಅವಳಿಗೆ ಹಿಡಿಸಿದ್ದು ಬೇಸ್ ಉಬ್ಬಿಸಿದ ಮಾಡೆಲ್. ಮೂರನೇ ಹಾಡಿಗೆ ತಾನೇ ತೆಗೆದು, "ಇದ್ರಲ್ಲಿ ಲಿರಿಕ್ಸೇ ಗೊತ್ತಾಗಲ್ಲ" ಅಂದಳು. ಆ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊನೆಗೆ ಆರಿಸಿದ್ದು ಕಡುಹಸಿರು ಬಣ್ಣದ, 220 ಗ್ರಾಂ ತೂಕದ ಒಂದು ಮಾಡೆಲ್. ಹೊಸ ಆವೃತ್ತಿ ಬಂದದ್ದರಿಂದ ಹಳೆಯದರ ಬೆಲೆ ಇಳಿದಿತ್ತು, ಹಾಗಾಗಿ ನಮ್ಮ ಮಿತಿಯೊಳಗೆ ಬಂತು. ಕೊಳ್ಳುವ ಮುಂಚೆ ಎರಡು ಸಂಗತಿ ನೋಡಿದೆ: ಇಯರ್‌ಪ್ಯಾಡ್ ಬಿಚ್ಚಿ ಹಾಕಲು ಬರುತ್ತದೆಯಾ, ಮಡಚುವ ಕೀಲಿನಲ್ಲಿ ಲೋಹವಿದೆಯಾ. ಮಕ್ಕಳ ಕೈಯಲ್ಲಿ ಮೊದಲು ಮುರಿಯುವುದು ಕೀಲು. ಆಮೇಲೆ ಸುಲಿಯುವುದು ಬೆವರು ಕುಡಿದ ಕೃತಕ ಚರ್ಮ. ಪ್ಯಾಡ್ ಬದಲಿಸಲು ಬಂದರೆ ಅದೇ ಹೆಡ್‌ಫೋನ್ ಇನ್ನಷ್ಟು ವರ್ಷ ಬಾಳುತ್ತದೆ.

ಮನೆಗೆ ತಂದ ದಿನವೇ ಇಬ್ಬರೂ ಕೂತು ಫೋನಿನ ಸೆಟ್ಟಿಂಗ್ಸ್ ತೆರೆದೆವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬಲ್ ಸುರಕ್ಷಿತ ಮಿತಿ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. ಕಿವಿಯೊಳಗಿನ ಕೂದಲಿನಂಥ ಜೀವಕೋಶಗಳು ಒಮ್ಮೆ ಹಾಳಾದರೆ ಮತ್ತೆ ಬೆಳೆಯುವುದಿಲ್ಲ ಅಂತಲೂ ಹೇಳಿದೆ. ಹೆದರಿಸಲು ಹೇಳಿದ್ದಲ್ಲ, ಅವಳ ಕಿವಿ ಅವಳಿಗೆ ಎಪ್ಪತ್ತರಲ್ಲೂ ಬೇಕು. ಎಷ್ಟಕ್ಕೆ ಮಿತಿ ಹಾಕಬೇಕೆಂದು ಅವಳೇ ಲೆಕ್ಕ ಹಾಕಿ ತನ್ನ ಕೈಯಾರೆ ಇಟ್ಟಳು. ಮೆತ್ತೆ ಚೆನ್ನಾಗಿ ಕೂರುವ ಹೆಡ್‌ಫೋನಿನ ದೊಡ್ಡ ಲಾಭವೂ ಇಲ್ಲೇ ಕಾಣುವುದು: ಹೊರಗಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವ ಪ್ರಮೇಯವೇ ಬರುವುದಿಲ್ಲ.

ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಅದನ್ನು ಎಲ್ಲ ಬಗೆಯಲ್ಲೂ ದುಡಿಸಿದೆವು. ಎಡ-ಬಲ ಸಮನಾಗಿದೆಯಾ ಅಂತ ಮೋನೋ ಮಾಡಿ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂತೆ ಮಾಡಿ ಕೇಳಿದೆವು, ಗಾಳಿಯಲ್ಲಿ ನಿಂತು ಕರೆ ಮಾಡಿ ನೋಡಿದೆವು, ಕನ್ನಡಕ ಹಾಕಿಕೊಂಡೇ ಒಂದಿಡೀ ಸಿನಿಮಾ ನೋಡು ಅಂದೆ. ವಿಡಿಯೋದಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ಸರಿಯಿತ್ತು. ಆಟದಲ್ಲಿ ಸದ್ದು ತುಸು ತಡವಾಗಿ ಬರುತ್ತಿತ್ತು. ಬ್ಲೂಟೂತಿನಲ್ಲಿ ಅದು ಸಹಜ, ಆಡುವಾಗ ಅಡಾಪ್ಟರ್ ಸಿಕ್ಕಿಸಿ ವೈರು ಹಾಕಿಕೊಳ್ಳುತ್ತಾಳೆ. ಪಟ್ಟಿ ಮೊದಮೊದಲು ಸ್ವಲ್ಪ ಬಿಗಿ ಅನ್ನಿಸಿದಾಗ ರಾತ್ರಿ ಅದನ್ನು ತಲೆಯಗಲದ ಪುಸ್ತಕಗಳ ಕಟ್ಟಿಗೆ ಏರಿಸಿ ಇಟ್ಟೆವು, ಕೆಲವು ದಿನಗಳಲ್ಲಿ ಹದಕ್ಕೆ ಬಂತು. ಆ ಮಾಡೆಲ್ಲಿಗೆ ಹೊಂದುವ ಇಯರ್‌ಪ್ಯಾಡಿನ ಅಳತೆಯನ್ನು ಬಿಲ್ಲಿನ ಹಿಂದೆ ಬರೆದು ಇಟ್ಟುಕೊಂಡಿದ್ದೇನೆ.