ಕೆಂಪಾಗುತ್ತಿದ್ದದ್ದು ವಾಲ್ವ್, ಕಾಯಿಲೆ ಕೆಪಾಸಿಟರ್‌ದು

ನಾಲ್ಕು ಇಎಲ್34 ವಾಲ್ವ್‌ಗಳ (ಗಾಜಿನ ನಿರ್ವಾತ ಕೊಳವೆ) ಪುಶ್-ಪುಲ್, ಅಂದರೆ ಜೋಡಿ ಜೋಡಿಯಾಗಿ ದುಡಿಯುವ, ಸ್ಟೀರಿಯೋ ಆಂಪ್ಲಿಫೈಯರ್. ಆನ್ ಮಾಡಿ ಅರ್ಧ ಗಂಟೆಗೆ ಒಂದು ವಾಲ್ವ್‌ನ ಪ್ಲೇಟ್ (ಒಳಗಿನ ಲೋಹದ ತಗಡು) ಕಾದು ಕೆಂಪಾಗುತ್ತಿತ್ತು. ನೋಡಿದವರೆಲ್ಲ ಹೇಳಿದ್ದು, ವಾಲ್ವ್ ಹೋಗಿದೆ, ಹೊಸ ಸೆಟ್ ಹಾಕು ಅಂತ. ಒಬ್ಬರಂತೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಮತ್ತೆ ಸುತ್ತಿಸಬೇಕು ಅಂದರು. ಆ ಖರ್ಚಿಗೆ ಇನ್ನೊಂದು ಹಳೇ ಆಂಪ್ಲಿಫೈಯರೇ ಬರುತ್ತಿತ್ತು. ಈಗ ಅವೇ ವಾಲ್ವ್‌ಗಳು ಗಂಟೆಗಟ್ಟಲೆ ಹಾಡುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಾಲ್ವ್‌ಗಳನ್ನು ಅದಲು ಬದಲು ಮಾಡಿದೆ. ಕೆಂಪು ಅದೇ ಸಾಕೆಟ್‌ನಲ್ಲೇ ಉಳಿಯಿತು. ಅಲ್ಲಿಗೆ ವಾಲ್ವ್ ಮೇಲಿನ ಅಪವಾದ ತೊಲಗಿತು. ಸಾಕೆಟ್ ಪಿನ್ ಉಜ್ಜಿದೆ, ಗ್ರಿಡ್ (ವಾಲ್ವ್‌ನ ಕರೆಂಟ್ ಹತೋಟಿಯಲ್ಲಿಡುವ ಜಾಲರಿ) ರೆಸಿಸ್ಟರ್ ಬದಲಿಸಿದೆ, ಬಯಾಸ್ ಸಪ್ಲೈನ ಕೆಪಾಸಿಟರೂ ಬದಲಾಯಿತು. (ಬಯಾಸ್ ಅಂದರೆ ಗ್ರಿಡ್‌ಗೆ ಕೊಡುವ ಮೈನಸ್ ವೋಲ್ಟೇಜ್; ಮೈನಸ್ ಕಡಿಮೆಯಾದಷ್ಟೂ ವಾಲ್ವ್ ಹೆಚ್ಚು ಕರೆಂಟ್ ಎಳೆಯುತ್ತದೆ.) ಊಹೂಂ. ಉಳಿದದ್ದು ಕಪ್ಲಿಂಗ್ ಕೆಪಾಸಿಟರ್, ಮುಂಚಿನ ಡ್ರೈವರ್ ವಾಲ್ವ್‌ನಿಂದ ಹಾಡನ್ನು ಮಾತ್ರ ಗ್ರಿಡ್‌ಗೆ ದಾಟಿಸಿ ಡಿಸಿ ವೋಲ್ಟೇಜ್ ತಡೆಯುವುದು. ಮೀಟರ್‌ನ ಓಮ್ ರೇಂಜ್‌ನಲ್ಲಿ ಅದು ಪಕ್ಕಾ ಓಪನ್. ಆದರೆ ಮೀಟರ್ ಕೊಡುವ ಒಂದೆರಡು ವೋಲ್ಟ್‌ಗೆ ಅದ್ಯಾಕೆ ಸೋರುತ್ತದೆ? ಇನ್ನೂರು ವೋಲ್ಟ್ ಬಿದ್ದು, ಮೈ ಬಿಸಿಯಾದ ಮೇಲೆ ನೋಡಬೇಕು.

ಪವರ್ ವಾಲ್ವ್ ನಾಲ್ಕನ್ನೂ ಕಿತ್ತೆ, ಡ್ರೈವರ್ ಹಾಗೇ ಬಿಟ್ಟೆ. ಲೋಡ್ ಇಲ್ಲದಾಗ ಎಚ್‌ಟಿ (ಪ್ಲೇಟ್‌ಗಳಿಗೆ ಹೋಗುವ ಹೈ ವೋಲ್ಟೇಜ್) ಏರುತ್ತದೆ, ಫಿಲ್ಟರ್ ಕೆಪಾಸಿಟರ್‌ನ ರೇಟಿಂಗ್ ನೋಡಿಕೊಂಡೇ ಮಾಡಿ. ಎಲ್ಲ ಸಾಕೆಟ್‌ಗಳ ಐದನೇ ಪಿನ್‌ನಲ್ಲೂ, ಅಂದರೆ ಗ್ರಿಡ್‌ನಲ್ಲಿ, ಮೈನಸ್ 38 ವೋಲ್ಟ್ ಆಸುಪಾಸು ಇತ್ತು. ಕಪ್ಲಿಂಗ್ ಕೆಪಾಸಿಟರ್‌ಗಳಿಗೆ ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಬಿಟ್ಟೆ. ಕೆಟ್ಟ ಸಾಕೆಟ್‌ನದು ಮಾತ್ರ ಮೆಲ್ಲಗೆ ಮೈನಸ್ 33ಕ್ಕೆ ಬಂತು. 220 ಕಿಲೋ ಓಮ್‌ನ ಗ್ರಿಡ್ ರೆಸಿಸ್ಟರ್ ಮೇಲೆ ಐದು ವೋಲ್ಟ್ ಅಂದರೆ ಇಪ್ಪತ್ತು ಚಿಲ್ಲರೆ ಮೈಕ್ರೋಆಂಪ್ ಸೋರಿಕೆ. ಪ್ಲೇಟ್ ಕೆಂಪಾಗಲು ಅಷ್ಟು ಸಾಕು.

"ಹಳೇ ಸ್ಟಾಕಿನ ಆಯಿಲ್-ಪೇಪರ್ ಕೆಪಾಸಿಟರ್ ಹಾಕು, ದನಿ ಚೆನ್ನ" ಅಂತ ತಲೆ ತಿಂದರು. ನಾಲ್ಕಕ್ಕೆ ಹೆಚ್ಚುಕಡಿಮೆ ಎರಡು ವಾಲ್ವ್‌ನ ದುಡ್ಡು. ಬೆಸುಗೆಗೆ ಮುಂಚೆ ಪರೀಕ್ಷಿಸಿದರೆ ಅದರಲ್ಲೇ ಎರಡು ಸೋರುತ್ತಿದ್ದವು! ಕೊನೆಗೆ ಹಾಕಿದ್ದು ಮಾಮೂಲಿ 630 ವೋಲ್ಟ್ ಪಾಲಿಪ್ರೊಪಿಲೀನ್. ಖರ್ಚು ಅಂತ ಹೇಳಿಕೊಳ್ಳುವಷ್ಟೂ ಇಲ್ಲ.

ಬಯಾಸ್ ನೋಡಲು ಪ್ರತಿ ವಾಲ್ವ್‌ನ ಕ್ಯಾಥೋಡ್‌ಗೂ (ಅದರ ಕರೆಂಟ್ ಪೂರ್ತಿ ಹರಿಯುವ ಕಡೆ) 10 ಓಮ್ ರೆಸಿಸ್ಟರ್ ಇದೆ. 350 ಮಿಲಿವೋಲ್ಟ್‌ಗೆ, ಅಂದರೆ 35 ಮಿಲಿಆಂಪ್‌ಗೆ ಇಟ್ಟಿದ್ದೇನೆ, ಸ್ಕ್ರೀನ್ (ವಾಲ್ವ್‌ನ ಎರಡನೇ ಗ್ರಿಡ್) ಕರೆಂಟೂ ಅದರಲ್ಲೇ ಸೇರಿದೆ. 430 ವೋಲ್ಟ್‌ನಲ್ಲಿ ಪ್ಲೇಟ್ ಪಾಲಿಗೆ ಹದಿಮೂರು ವ್ಯಾಟ್ ಚಿಲ್ಲರೆ. ಅದು ತಡೆಯೋದು 25 ವ್ಯಾಟ್. ಅದರ ಎಪ್ಪತ್ತು ಪರ್ಸೆಂಟ್‌ಗೇ ಇಡಬೇಕು ಅನ್ನೋರು ಇಡಲಿ, ನನ್ನ ಕಿವಿಗೇನೂ ವ್ಯತ್ಯಾಸ ಸಿಗಲಿಲ್ಲ. ಬಯಾಸ್ ತಿರುಗಿಸುವ ಪ್ರೀಸೆಟ್‌ನ ವೈಪರ್‌ನಿಂದ (ಜಾರುವ ಸಂಪರ್ಕ) ಜಾಸ್ತಿ ಮೈನಸ್ ಇರೋ ತುದಿಗೆ ಒಂದು ರೆಸಿಸ್ಟರ್ ಕಟ್ಟಿಬಿಡಿ. ವೈಪರ್‌ನ ಸಂಪರ್ಕ ತಪ್ಪಿದರೂ ವಾಲ್ವ್ ತಣ್ಣಗಾಗುತ್ತದೆ, ಸುಡೋದಿಲ್ಲ.

ಹೀಟರ್‌ನ (ವಾಲ್ವ್ ಕಾಯಿಸುವ ತಂತಿ) ಎರಡು ತುದಿಗೂ ಒಂದೊಂದು 100 ಓಮ್ ರೆಸಿಸ್ಟರ್ ಹಾಕಿ ಮಧ್ಯವನ್ನು ಗ್ರೌಂಡ್ ಮಾಡಿದಾಗ ಹಮ್ (ಸ್ಪೀಕರ್‌ನ ಗುಂಯ್ ಸದ್ದು) ಮುಕ್ಕಾಲು ಪಾಲು ಇಳಿಯಿತು. ಉಳಿದ ಕಾಲು ಭಾಗ ಹೋದದ್ದು ಗ್ರೌಂಡ್ ತಂತಿ ಸೇರಿಸುವ ಜಾಗ ಬದಲಿಸಿದ್ದರಿಂದ. ಆ ಜಾಗ ಎಲ್ಲಿ ಅಂತ ಹೇಳಲ್ಲ, ನಾನೂ ಹುಡುಕಿಯೇ ಕಂಡುಕೊಂಡದ್ದು.

ಮಧ್ಯೆ ಸುಮ್ನೆ ಒಂದು ಚಾನಲ್‌ನ ಸ್ಕ್ರೀನ್‌ಗಳನ್ನು 100 ಓಮ್ ಮೂಲಕ ಪ್ಲೇಟ್‌ಗೆ ಕಟ್ಟಿ ಟ್ರಯೋಡ್ (ಸ್ಕ್ರೀನ್ ಬೇರೆಯಾಗಿ ಕೆಲಸ ಮಾಡದ, ಬರೀ ಕ್ಯಾಥೋಡ್, ಗ್ರಿಡ್, ಪ್ಲೇಟ್‌ನ ವಾಲ್ವ್) ಥರ ಮಾಡಿ ಕೇಳಿದೆ. ಪವರ್ ಅರ್ಧಕ್ಕೆ ಇಳಿಯಿತು. ಹಾಡುವ ದನಿ ಮಾತ್ರ ಪಕ್ಕದ ಚಾನಲ್‌ಗಿಂತ ಎಷ್ಟೋ ಹತ್ತಿರ ಅನ್ನಿಸಿತು, ತಾಳವಾದ್ಯ ಸ್ವಲ್ಪ ಮೆತ್ತಗಾಯಿತು. ಈಗ ಎರಡೂ ಚಾನಲ್‌ಗೆ ಆ ಬದಲಾವಣೆಗೆ ಸ್ವಿಚ್ ಹಾಕಿದ್ದೇನೆ. ಪವರ್ ಆಫ್ ಮಾಡಿಯೇ ತಿರುಗಿಸಬೇಕು, ಆಮೇಲೆ ಬಯಾಸ್ ಇನ್ನೊಮ್ಮೆ ನೋಡಬೇಕು.