ದುಬೈಯ ಒಂದನೇ ಕ್ಲಾಸಿನಲ್ಲಿ ನಾನು ಕಲಿಸುವ ಬಗೆ

ಪುತ್ತೂರಿನಲ್ಲಿ ಪ್ರೈಮರಿ ಟೀಚರ್ ಆಗಿದ್ದವಳು ನಾನು. ಈಗ ದುಬೈಯ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಒಂದನೇ ಕ್ಲಾಸಿನ ಕ್ಲಾಸ್ ಟೀಚರ್. ಊರಿನ ಟೀಚರ್ ಗೆಳತಿಯರು ಫೋನ್ ಮಾಡಿದರೆ ಕೇಳುವುದು ಹೆಚ್ಚಾಗಿ ಸಂಬಳ, ವೀಸಾ. ಅದನ್ನೂ ಹೇಳುತ್ತೇನೆ. ಆದರೆ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿರುವುದು ಬೇರೆ. ಆರು ವರ್ಷದ ಮಗುವಿಗೆ ಮೊದಲು ಕ್ಲಾಸಿನ ಗಾಬರಿ ಹೋಗಬೇಕು. ಅದಕ್ಕೆ ಮಗುವಿನ ಮನೆಮಾತು ಕ್ಲಾಸಿನ ಒಳಗೆ ಬರಬೇಕು. ಇಂಗ್ಲಿಷ್, ಲೆಕ್ಕ ಎಲ್ಲ ಆಮೇಲೆ ಚೆನ್ನಾಗಿಯೇ ಬರುತ್ತದೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಬಿ.ಎಡ್ ಇರಬೇಕು. ಡಿಗ್ರಿ ಸರ್ಟಿಫಿಕೇಟಿಗೆ ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದಲ್ಲಿ, ಆಮೇಲೆ ಯುಎಇ ರಾಯಭಾರ ಕಚೇರಿಯಲ್ಲಿ ಅಟೆಸ್ಟೇಷನ್ ಆಗಬೇಕು. ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆಯೂ ಬೇಕು. ಪೊಲೀಸ್ ಕ್ಲಿಯರೆನ್ಸ್ ಕೇಳುತ್ತಾರೆ. ದುಬೈಯ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ ಅನ್ನುವ ಸರ್ಕಾರಿ ಸಂಸ್ಥೆ. ಟೀಚರ್ ನೇಮಕಕ್ಕೆ ಅವರ ಒಪ್ಪಿಗೆ ಬೇಕು. ಕಾಂಟ್ರ್ಯಾಕ್ಟ್ ಕೈಗೆ ಬಂದಾಗ ಒಟ್ಟು ಸಂಬಳ ಮಾತ್ರ ನೋಡಬೇಡಿ, ಬೇಸಿಕ್ ಎಷ್ಟು ಅಂತ ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಲೆಕ್ಕ ಆಗುವುದು ಬೇಸಿಕ್ ಮೇಲೆಯೇ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ. ಇನ್ನೊಂದು ಮಾತು. ನೇಮಕದ ಖರ್ಚನ್ನು ನೌಕರರಿಂದ ವಸೂಲಿ ಮಾಡಬಾರದು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ಯಾರಾದರೂ ವೀಸಾಕ್ಕೆ ಅಂತ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಇನ್ನು ಕ್ಲಾಸಿನ ಮಾತು. ಇಂಡಿಯನ್ ಶಾಲೆ ಅಂದರೆ ಮಕ್ಕಳೆಲ್ಲ ಒಂದೇ ತರ ಇರುತ್ತಾರೆ ಅಂತಲ್ಲ. ನನ್ನ ಕ್ಲಾಸಿನಲ್ಲಿ ಮಲಯಾಳ, ತಮಿಳು, ಗುಜರಾತಿ, ಉರ್ದು, ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮಕ್ಕಳು ಪಕ್ಕಪಕ್ಕದಲ್ಲಿ ಕೂರುತ್ತಾರೆ. ಕೆಲವರು ಇಲ್ಲೇ ಕೆಜಿ ಮುಗಿಸಿದವರು. ಕೆಲವರು ಅಜ್ಜಿ ಮನೆಯಿಂದ ನೇರ ವಿಮಾನ ಹತ್ತಿ ಬಂದವರು. ಏಪ್ರಿಲ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ತಂದೆತಾಯಿಯ ಹತ್ತಿರ ಕೆಲವು ಮಾತು ಕೇಳಿ ಬರೆದುಕೊಳ್ಳುತ್ತೇನೆ. ನಿಮ್ಮ ಭಾಷೆಯಲ್ಲಿ ನೀರು ಬೇಕಾ, ಟಾಯ್ಲೆಟ್‌ಗೆ ಹೋಗಬೇಕಾ, ಎಲ್ಲಿ ನೋವು, ಅಮ್ಮ ಬರ್ತಾರೆ ಅಂತ ಹೇಗೆ ಹೇಳ್ತೀರಿ? ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದು ಮೇಜಿನ ಡ್ರಾಯರ್‌ನಲ್ಲಿ ಇಡುತ್ತೇನೆ. ಅಳುವ ಮಗುವಿನ ಹತ್ತಿರ ಬಗ್ಗಿ ಆ ಒಂದು ಮಾತು ಹೇಳಿದರೆ ಮುಖ ನೋಡಬೇಕು ನೀವು.

ಬಂಟ್ವಾಳ ಕಡೆಯ ಒಬ್ಬ ಹುಡುಗ ಹೀಗೆ ಬಂದಿದ್ದ. ಬ್ಯಾಗನ್ನು ಹುಕ್ಕಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದ. ಈಗಲೇ ಹೊರಡುವವನ ಹಾಗೆ. ಒಂದು ಮಾತಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡುವುದಿಲ್ಲ. ಆ ಹೊತ್ತಿನಲ್ಲಿ ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಅದಕ್ಕೆ ಅವನಿಂದ ಉತ್ತರ ಹೊರಡಿಸಲು ಹೋಗಲಿಲ್ಲ. ಮಾತು ಬೇಡದ ಕೆಲಸ ಕೊಟ್ಟೆ. ದಿನಾ ಬೆಳಿಗ್ಗೆ ಪೆನ್ಸಿಲ್ ಡಬ್ಬ ಹಿಡಿದು ಪ್ರತಿ ಮೇಜಿಗೆ ಹಂಚುವುದು. ಒಂದು ದಿನ ಡಬ್ಬ ಖಾಲಿಯಾಗಿ ಒಂದು ಪೆನ್ಸಿಲ್ ಕಡಿಮೆ ಬಿತ್ತು. ನನ್ನ ಹತ್ತಿರ ಬಂದು 'ಒಂಜಿ ಇಜ್ಜಿ' ಅಂದ. ತುಳುವಿನಲ್ಲಿ, ಒಂದು ಇಲ್ಲ ಅಂತ. ನಾನು 'ಹೌದಾ? ಒನ್ ಈಸ್ ಮಿಸ್ಸಿಂಗ್' ಅಂದೆ. ಅವನು ಮೇಜಿನ ಅಡಿಯಲ್ಲೆಲ್ಲ 'ಮಿಸ್ಸಿಂಗ್, ಮಿಸ್ಸಿಂಗ್' ಅನ್ನುತ್ತಾ ಹುಡುಕಿದ. ಅವನ ಮೊದಲ ಇಂಗ್ಲಿಷ್ ಪದ ಅದು. ಕೂರಿಸಿ ಹೇಳಿಕೊಟ್ಟಿದ್ದರೆ ಅಷ್ಟು ಗಟ್ಟಿಯಾಗಿ ಬರುತ್ತಿರಲಿಲ್ಲ.

ಓದು ಕಲಿಸುವುದು ಇಲ್ಲಿ ಫೋನಿಕ್ಸ್ ಮೂಲಕ. ಎ, ಬಿ, ಸಿ ಅಂತ ಸಾಲಾಗಿ ಅಲ್ಲ. ಎಸ್, ಎ, ಟಿ, ಪಿ, ಐ, ಎನ್ ಅಕ್ಷರಗಳ ಧ್ವನಿ ಮೊದಲು. ಈ ಆರರಲ್ಲೇ ಸ್ಯಾಟ್, ಟ್ಯಾಪ್, ಪಿನ್, ನ್ಯಾಪ್ ಅಂತ ಎಷ್ಟೋ ಪದ ಓದಬಹುದು. ಹೊಸದಾಗಿ ಬರುವ ನಮ್ಮ ಕಡೆಯ ಟೀಚರ್‌ಗಳು ಒಂದು ಗಮನಿಸಿ. ನಮಗೆ ಸ, ಟ, ಪ ಅಂತ ಅಕಾರ ಸೇರಿಸಿ ಹೇಳುವ ರೂಢಿ. ಹಾಗೆ ಹೇಳಿದರೆ ಮಗು ಪ-ಇ-ನ ಅಂತ ಎಷ್ಟು ಸಲ ಜೋಡಿಸಿದರೂ ಪಿನ್ ಕೇಳಿಸುವುದಿಲ್ಲ. ಪ್, ಇ, ನ್ ಅಂತ ಚಿಕ್ಕದಾಗಿ ನಿಲ್ಲಿಸಬೇಕು. ಕಾಗುಣಿತ ಕಲಿತವರಿಗೆ ಇದು ಕಷ್ಟವಲ್ಲ. ಪ್‌ಗೆ ಇ ಸೇರಿದರೆ ಪಿ ಅಂತ ನಾವು ಚಿಕ್ಕಂದಿನಲ್ಲೇ ಮಾಡಿದ್ದೇವೆ ಅಲ್ವಾ? ಆ ತರಬೇತಿ ಇಲ್ಲಿ ನೇರ ಕೆಲಸಕ್ಕೆ ಬರುತ್ತದೆ.

ಬರೆಯುವುದರಲ್ಲಿ ಇಲ್ಲಿಗೇ ಸೇರಿದ ಒಂದು ತೊಡಕಿದೆ. ಅರಬಿಕ್ ಕಡ್ಡಾಯ. ಹಾಗಾಗಿ ಒಂದನೇ ಕ್ಲಾಸಿನ ಮಗು ಇಂಗ್ಲಿಷ್, ಹಿಂದಿ ಎಡದಿಂದ ಬರೆಯುತ್ತದೆ, ಅರಬಿಕ್ ಬಲದಿಂದ ಬರೆಯುತ್ತದೆ. ಅರಬಿಕ್ ಪಿರಿಯಡ್ ಮುಗಿದ ಕೂಡಲೇ ಇಂಗ್ಲಿಷ್ ಪುಸ್ತಕ ತೆಗೆದರೆ ಕೆಲವರು ಬಲಗಡೆಯಿಂದಲೇ ಹೆಸರು ಬರೆಯಲು ಶುರು ಮಾಡುತ್ತಾರೆ. ಬಿ, ಡಿ ತಿರುಗುವುದು ಯಾವ ಊರಿನಲ್ಲೂ ಇದೆ. ಇಲ್ಲಿ ಇಡೀ ಸಾಲೇ ತಿರುಗುತ್ತದೆ. ಅರಬಿಕ್ ಟೀಚರ್ ಜೊತೆ ಕೂತು ಒಂದು ಉಪಾಯ ಮಾಡಿದೆವು. ಸಾಲು ಶುರುವಾಗುವ ಕಡೆ ಹಸಿರು ಚುಕ್ಕೆ. ನನ್ನ ಪುಸ್ತಕದಲ್ಲಿ ಎಡಕ್ಕೆ, ಅವರ ಪುಸ್ತಕದಲ್ಲಿ ಬಲಕ್ಕೆ. 'ಚುಕ್ಕೆಯಿಂದ ಹೊರಡು' ಅನ್ನುವುದು ಒಂದೇ ಸೂಚನೆ. ಕೆಂಪು ಇಂಕಿನಲ್ಲಿ ತಿದ್ದುವ ಕೆಲಸ ಎಷ್ಟೋ ಕಡಿಮೆಯಾಯಿತು.

ಲೆಕ್ಕದಲ್ಲಿ ದುಡ್ಡಿನ ಪಾಠ ಬಂದಾಗಲೂ ಹೀಗೇ. ಪಠ್ಯದಲ್ಲಿ ಇರುವುದು ರೂಪಾಯಿ. ಇಲ್ಲೇ ಬೆಳೆದ ಮಕ್ಕಳು ಕೈಯಲ್ಲಿ ಹಿಡಿದಿರುವುದು ದಿರ್ಹಮ್, ಫಿಲ್ಸ್. ಅದಕ್ಕೆ ಮೊದಲು 25 ಫಿಲ್ಸ್, 50 ಫಿಲ್ಸ್, 1 ದಿರ್ಹಮ್ ನಾಣ್ಯ ಇಟ್ಟು ಅಂಗಡಿ ಆಟ ಆಡಿಸುತ್ತೇನೆ. ಖಾಲಿ ಬಿಸ್ಕತ್ ಪ್ಯಾಕೆಟ್, ಖರ್ಜೂರದ ಡಬ್ಬ, ಬೆಲೆ ಚೀಟಿ. ಚಿಲ್ಲರೆ ಕೊಡುವುದು ಬಂದ ಮೇಲೆ ರೂಪಾಯಿ ಪುಟ ತೆರೆದರೆ ಒಂದೇ ದಿನದಲ್ಲಿ ಮುಗಿಯುತ್ತದೆ.

ಮಳೆಗಾಲದ ಪಾಠ ಮಾತ್ರ ಚಿತ್ರ ತೋರಿಸಿಯೇ ಹೇಳಬೇಕಾಗುತ್ತಿತ್ತು. 2024ರ ಏಪ್ರಿಲ್ 16ರಂದು ಅದೂ ಬದಲಾಯಿತು. 1949ರಿಂದ ದಾಖಲೆ ಇಟ್ಟ ಮೇಲೆ ಯುಎಇಯಲ್ಲಿ ಅಂಥ ಮಳೆ ಬಿದ್ದಿರಲಿಲ್ಲ. ರಸ್ತೆ ಎಲ್ಲ ನೀರು, ಶಾಲೆ ಆನ್‌ಲೈನ್‌ಗೆ ಹೋಯಿತು. ನಮ್ಮ ವರ್ಷ ಆಗಷ್ಟೇ ಶುರುವಾಗಿತ್ತು. ಮಕ್ಕಳಿಗೆ ನನ್ನ ಮುಖ ಕೂಡ ಸರಿಯಾಗಿ ಪರಿಚಯ ಇರಲಿಲ್ಲ. ಪಾಠದ ಪಟ್ಟಿ ಬದಿಗಿಟ್ಟು, ನಿಮ್ಮ ಕಿಟಕಿಯಲ್ಲಿ ಕಂಡದ್ದರ ಚಿತ್ರ ಬರೆದು ತೋರಿಸಿ ಅಂದೆ. ಮುಳುಗಿದ ಕಾರು, ನೀರಿನಲ್ಲಿ ನಡೆಯುವ ಅಪ್ಪ, ಕರೆಂಟ್ ಇಲ್ಲದ ಲಿಫ್ಟ್. ಆ ವಾರ ಮಕ್ಕಳು ಮಾತಾಡಿದಷ್ಟು ಮಾಮೂಲಿ ಏಪ್ರಿಲ್‌ನಲ್ಲಿ ಮಾತಾಡುವುದಿಲ್ಲ.

ಸೆಕೆ ಜೋರಾದರೆ ಹೊರಗೆ ಆಟ ಇಲ್ಲ. ಆಗ ಕ್ಲಾಸಿನ ಒಳಗೇ ಮೈ ಆಡಿಸಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಪಿರಿಯಡ್‌ನಲ್ಲಿ ಏನೂ ತಲೆಗೆ ಹೋಗುವುದಿಲ್ಲ. ಶುಕ್ರವಾರ ಅರ್ಧ ದಿನ. ರಂಜಾನ್‌ನಲ್ಲಿ ಶಾಲೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಹೊತ್ತು ಇರುವುದಿಲ್ಲ. ಹಾಗಾಗಿ ಆ ತಿಂಗಳಿಗೆ ಹೊಸ, ಕಷ್ಟದ ಪಾಠ ಇಡಬೇಡಿ.

ಇನ್ನು ಪೇರೆಂಟ್ಸ್ ಮೀಟಿಂಗ್. 'ಟೀಚರ್, ಇನ್ನು ಮನೆಯಲ್ಲೂ ಇಂಗ್ಲಿಷೇ ಮಾತಾಡ್ತೇವೆ' ಅಂತ ಎಷ್ಟು ತಂದೆತಾಯಿ ಹೇಳುತ್ತಾರೋ! ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. 'ನೀವು ತುಳುವಿನಲ್ಲೇ ಕಥೆ ಹೇಳಿ. ಯಾಕೆ ಹೀಗಾಯ್ತು, ಆಮೇಲೆ ಏನಾಯ್ತು ಅಂತ ತುಳುವಿನಲ್ಲೇ ಕೇಳಿ. ಇಂಗ್ಲಿಷ್ ನಾನು ನೋಡಿಕೊಳ್ತೇನೆ.' ಮನೆಯಲ್ಲಿ ಉದ್ದುದ್ದ ಮಾತಾಡುವ ಮಗು ಶಾಲೆಯಲ್ಲೂ ಉದ್ದ ವಾಕ್ಯ ಕಟ್ಟುತ್ತದೆ. ಅಪ್ಪ ಅಮ್ಮನ ತಡವರಿಸುವ ಇಂಗ್ಲಿಷ್‌ನಲ್ಲಿ 'ಕಮ್', 'ಈಟ್', 'ಸ್ಲೀಪ್' ಮಾತ್ರ ಕೇಳಿದ ಮಗುವಿಗೆ ಎರಡೂ ಭಾಷೆಯಲ್ಲಿ ಮಾತು ಕಡಿಮೆ. ಕನ್ನಡದವರಾದರೆ, ದುಬೈಯಲ್ಲಿ ನಮ್ಮವರು ವಾರಾಂತ್ಯದಲ್ಲಿ ನಡೆಸುವ ಕನ್ನಡ ಪಾಠಶಾಲೆಗೆ ಕಳಿಸಿ ಅಂತಲೂ ಹೇಳುತ್ತೇನೆ.

ಜುಲೈ, ಆಗಸ್ಟ್ ಬೇಸಿಗೆ ರಜೆ. ಮಕ್ಕಳು ಊರಿಗೆ ಹೋಗಿ ಬರುವಾಗ ಇಂಗ್ಲಿಷ್ ಓದು ಸ್ವಲ್ಪ ಹಿಂದೆ ಬಿದ್ದಿರುತ್ತದೆ. ಮಾತು ಮಾತ್ರ ತುಂಬಿ ತುಳುಕುತ್ತಿರುತ್ತದೆ. ಆ ವಾರ ನಾನು ಹೊಸ ಪಾಠ ತೆಗೆಯುವುದಿಲ್ಲ. ಒಬ್ಬೊಬ್ಬರನ್ನೇ ಹತ್ತಿರ ಕರೆದು ಊರಿನ ಸುದ್ದಿ ಕೇಳುತ್ತೇನೆ. ಅವರು ಹೇಳಿದ ಎರಡು ಮೂರು ವಾಕ್ಯವನ್ನು ಅವರ ಎದುರಿಗೇ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಮಧ್ಯೆ ಮನೆಮಾತು ಬಂದರೆ ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆಯುತ್ತೇನೆ. ಕೆಳಗೆ ಅವರದೇ ಚಿತ್ರ. ಎಲ್ಲ ಹಾಳೆ ಸೇರಿಸಿ ಸ್ಪೈರಲ್ ಹಾಕಿಸಿದರೆ ಒಂದು ಪುಸ್ತಕ. ತಾನೇ ಹೇಳಿದ ಮಾತಾದ್ದರಿಂದ ಓದಲು ಬಾರದ ಮಗುವೂ ತನ್ನ ಪುಟ ಓದುತ್ತದೆ. ಆಮೇಲೆ ಪಕ್ಕದವನ ಪುಟಕ್ಕೂ ಕೈ ಹಾಕುತ್ತದೆ. ಸೆಪ್ಟೆಂಬರ್ ಇಡೀ ನಮ್ಮ ಓದುವ ಪಿರಿಯಡ್‌ಗೆ ಅದೇ ಪುಸ್ತಕ.